ಹರಕೆಯ ಹೊರೆ

(ಆಕಾಶವಾಣಿ ಭಾಷಣ)



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ಇಂದು ದಾವಣಗೆರೆ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. 1997ರಲ್ಲಿ ಈ ಜಿಲ್ಲೆ ರಚಿತವಾಗುವುದಕ್ಕೆ ಮೊದಲು ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗೆಗೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿ ಹೊನ್ನಾಳಿಯ ಮಡಿಲಲ್ಲಿದ್ದು ಈಚೆಗೆ ಬೇರೆ ತಾಲ್ಲೂಕಾಯಿತು. ಒಂದು ಕಡೆ ಅಡಕೆಯ ತೋಟ, ಭದ್ರೆಯ ನಾಲೆ, ತುಂಗಭದ್ರೆಯ ದಂಡೆ. ಇನ್ನೊಂದು ಕಡೆ ಮುಗಿಲ ಕಡೆಗೆ ಮುಖವೆತ್ತಿ ಮಳೆಗಾಗಿ ಕಾದಿರುವ ಜಗಳೂರಿನ ಬಯಲು. ನೆಲ ಬೇರೆ, ನೀರು ಬೇರೆ, ಜಾತಿಮತಗಳು ಬೇರೆ ಬೇರೆ. ಆದರೆ ತೊಟ್ಟಿಲು ಕಟ್ಟಿದ ಮನೆಯೊಳಕ್ಕೆ ಕಾಲಿಟ್ಟರೆ ಎಲ್ಲೆಲ್ಲಿಯೂ ಕೇಳುವುದು ಒಂದೇ ಮಾತು. ಈ ಕೂಸು ಬದುಕಲಿ, ಬಾಳಲಿ ಎಂಬುದೇ ಆ ಮಾತು.

ಈ ಮಾತಿಗೆ ನಮ್ಮ ಸೀಮೆಯಲ್ಲಿ ಒಂದು ಮಠದ ಹೆಸರೇ ಆಗುವ ಭಾಗ್ಯ ಒದಗಿದೆ. ಹನ್ನೆರಡನೆಯ ಶತಮಾನದ ಮರುಳಸಿದ್ಧರು ತಮ್ಮ ಶಿಷ್ಯ ತೆಲುಗುಬಾಳು ಸಿದ್ಧೇಶ್ವರನನ್ನು ಪೀಠದ ಮೇಲೆ ಕುಳ್ಳಿರಿಸಿ ‘ತರಳಾ, ಬಾಳು’ ಎಂದು ಹರಸಿದರೆಂಬುದು ಪರಂಪರೆಯ ನಂಬಿಕೆ. ಸಿರಿಗೆರೆಯ ತರಳಬಾಳು ಪೀಠಕ್ಕೆ ಹೆಸರು ಬಂದದ್ದು ಆ ಹರಕೆಯಿಂದ. ಪ್ರತಿ ವರ್ಷ ಮಾಘ ಮಾಸದ ಹುಣ್ಣಿಮೆಯಂದು ಬೇರೆ ಬೇರೆ ಊರುಗಳಲ್ಲಿ ತರಳಬಾಳು ಹುಣ್ಣಿಮೆ ನಡೆಯುತ್ತದೆ. 2018ರಲ್ಲಿ ಅದು ಜಗಳೂರಿನಲ್ಲಿ ನಡೆಯಿತು. ತರಳ ಎಂದರೆ ಎಳೆಯ, ಮಗು. ಹಿರಿಯನೊಬ್ಬ ಕಿರಿಯನ ತಲೆಯ ಮೇಲೆ ಕೈಯಿಟ್ಟು ‘ಮಗುವೇ, ಬಾಳು’ ಎಂದು ಹೇಳುವ ಎರಡು ಪದಗಳ ಈ ವಾಕ್ಯಕ್ಕಿಂತ ಹಳೆಯದಾದ, ಸರಳವಾದ ಪ್ರಾರ್ಥನೆ ಇನ್ನೊಂದಿರಲಾರದು. ಮಕ್ಕಳ ರಕ್ಷೆಗಾಗಿ ನಮ್ಮ ಜನ ಮಾಡಿಕೊಂಡು ಬಂದಿರುವ ನಾನಾ ಶಾಸ್ತ್ರಗಳು, ಕಟ್ಟುವ ದಾರಗಳು, ಹಚ್ಚುವ ಬೂದಿ ಬೊಟ್ಟುಗಳು, ಹೊರುವ ಹರಕೆಗಳು ಈ ಒಂದು ವಾಕ್ಯದ ವಿಸ್ತರಣೆಗಳೇ ಆಗಿವೆ.

ವಿಷಯಕ್ಕೆ ಹೋಗುವ ಮೊದಲು ಎರಡು ಕನ್ನಡ ಪದಗಳ ಕಡೆಗೆ ತಮ್ಮ ಗಮನ ಸೆಳೆಯುತ್ತೇನೆ. ಮೊದಲನೆಯದು ‘ಕಾಯು’. ದೇವರು ಕಾಯಲಿ ಎನ್ನುತ್ತೇವೆ, ಹೊಲ ಕಾಯುತ್ತೇವೆ, ಊರಿಗೆ ಹೋದವರ ದಾರಿ ಕಾಯುತ್ತೇವೆ. ರಕ್ಷಿಸುವುದು, ಎಚ್ಚರವಾಗಿ ನೋಡಿಕೊಳ್ಳುವುದು, ತಾಳ್ಮೆಯಿಂದ ನಿರೀಕ್ಷಿಸುವುದು ಈ ಮೂರೂ ಕೆಲಸಗಳನ್ನು ಕನ್ನಡ ಒಂದೇ ಧಾತುವಿನಲ್ಲಿ ಅಡಕಮಾಡಿದೆ. ಕಾವಲು, ಕಾಪು, ಕಾಪಾಡು ಎಲ್ಲವೂ ಅದರ ಸಂತಾನ. ಎರಡನೆಯ ಪದ ‘ಹರಕೆ’. ಹಿರಿಯರು ಕಿರಿಯರಿಗೆ ಕೊಡುವ ಆಶೀರ್ವಾದವೂ ಹರಕೆಯೇ. ಕಷ್ಟ ಬಂದಾಗ ದೇವರೆದುರು ನಾವು ಕಟ್ಟಿಕೊಳ್ಳುವ ಮುಡಿಪೂ ಹರಕೆಯೇ. ಹರಸಿದವನು ತಾನೂ ಒಂದು ಹೊಣೆ ಹೊರುತ್ತಾನೆಂಬುದು ಈ ಪದದಲ್ಲಿಯೇ ಇದೆ. ಮಕ್ಕಳ ರಕ್ಷೆಯನ್ನು ಕುರಿತ ನಮ್ಮ ಆಚಾರಗಳಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂಬುದನ್ನು ನಿರ್ಣಯಿಸಲು ಈ ಎರಡು ಪದಗಳು ಸಾಕೆಂದು ನನ್ನ ಅನಿಸಿಕೆ.

ಬಾಣಂತಿಯ ಕೋಣೆಯಿಂದ ಆರಂಭಿಸೋಣ. ಹಳೆಯ ಮನೆಗಳಲ್ಲಿ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದರು. ಕೂಸಿನ ತಲೆದೆಸೆಯಲ್ಲಿ ಕುಡುಗೋಲೋ ಚಾಕುವೋ ಒಂದು ಕಬ್ಬಿಣದ ಚೂರು ಇರಬೇಕು. ಕೈಗೆ ಬಜೆಯ ಬೇರಿನ ಮಣಿ ಪೋಣಿಸಿದ ದಾರ, ಸೊಂಟಕ್ಕೆ ಉಡುದಾರ, ಕೆನ್ನೆಯ ಮೇಲೊಂದು ಕಾಡಿಗೆಯ ಬೊಟ್ಟು. ಸಂಜೆಯಾದರೆ ಲೋಬಾನದ ಹೊಗೆ. ಹೊರಗಿನಿಂದ ಬಂದವರು ಕೈಕಾಲು ತೊಳೆಯದೆ ಒಳಗೆ ಬರುವಂತಿಲ್ಲ. ಮಗು ಬಿಡದೆ ಅತ್ತರೆ ಅಜ್ಜಿ ಉಪ್ಪು, ಮೆಣಸಿನಕಾಯಿ, ಸಾಸಿವೆ ಹಿಡಿದು ನಿವಾಳಿಸಿ ಒಲೆಗೆ ಹಾಕುತ್ತಾಳೆ. ಪೇಟೆಯ ಓದು ಕಲಿತವರು ಇದನ್ನೆಲ್ಲ ಹಳ್ಳಿಗರ ಮೌಢ್ಯವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದುಂಟು. ಆದರೆ ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯವನ್ನು ತೆರೆದು ನೋಡಿದರೆ ಅಜ್ಜಿಯ ಕೋಣೆ ಅಲ್ಲಿಯೇ ಕಾಣಿಸುತ್ತದೆ. ಹೆರಿಗೆಯ ಮನೆಯ ಸುತ್ತ ಖದಿರವೇ ಮೊದಲಾದ ಮರಗಳ ಕೊಂಬೆಗಳನ್ನು ನಿಲ್ಲಿಸಬೇಕು, ಸಾಸಿವೆ ಮತ್ತು ಅಗಸೆಯನ್ನು ಸುತ್ತಲೂ ಎರಚಬೇಕು, ಹೊಸ್ತಿಲಿಗೆ ಅಡ್ಡವಾಗಿ ಒನಕೆಯಿಡಬೇಕು, ಬಜೆ, ಇಂಗು, ಬೆಳ್ಳುಳ್ಳಿ, ಸಾಸಿವೆಗಳ ಗಂಟನ್ನು ಬಾಗಿಲಿಗೂ ತಾಯಿ ಮಕ್ಕಳ ಕೊರಳಿಗೂ ಕಟ್ಟಬೇಕು ಎಂದು ಆ ವೈದ್ಯಗ್ರಂಥ ವಿಧಿಸುತ್ತದೆ. ಸಂಸ್ಕೃತದ ‘ವಚಾ’ ನಮ್ಮ ‘ಬಜೆ’. ಚರಕನ ಗ್ರಂಥವನ್ನು ಕಣ್ಣಿನಿಂದಲೂ ಕಾಣದ ಅಜ್ಜಿಯರ ಕೈಗೆ ಅದೇ ಬೇರು ಬಂದು ಸೇರಿದೆ.

ಆ ರಕ್ಷಾವಿಧಿಯಲ್ಲಿ ಗಿಡಮೂಲಿಕೆಗಳಿಗಿಂತ ಮುಖ್ಯವಾದ ಮಾತೊಂದಿದೆ. ಹತ್ತು ಅಥವಾ ಹನ್ನೆರಡು ದಿನ ಹೆಂಗಸರೂ ಸ್ನೇಹಿತರೂ ಬಾಣಂತಿಯ ಬಳಿ ಎಚ್ಚರವಾಗಿರಬೇಕು. ಮನೆ ದಾನ, ಆಶೀರ್ವಾದ, ಹಾಡು, ವಾದ್ಯ, ಅನ್ನಪಾನಗಳಿಂದಲೂ ಪ್ರೀತಿಯುಳ್ಳ ಜನರಿಂದಲೂ ತುಂಬಿರಬೇಕು ಎಂದು ಅಲ್ಲಿ ಹೇಳಿದೆ. ಅಂದರೆ ಗಂಟು ಕಟ್ಟಿ ನಿದ್ದೆ ಹೋಗುವುದು ರಕ್ಷೆಯಲ್ಲ. ಒಬ್ಬರಲ್ಲ ಒಬ್ಬರು ಕೂಸಿನ ಉಸಿರನ್ನು ಆಲಿಸುತ್ತ ಕುಳಿತಿರಬೇಕು. ಕನ್ನಡದ ‘ಕಾಯು’ ಎಂಬ ಧಾತು ಹೇಳುವುದೂ ಇದನ್ನೇ.

ಆರನೆಯ ರಾತ್ರಿಯ ಜಾಗರಣೆಗೆ ವಿಶೇಷ ಮಹತ್ವವುಂಟು. ಸಂಸ್ಕೃತದ ಷಷ್ಠೀದೇವಿ ಕನ್ನಡನಾಡಿನ ಉತ್ತರ ಭಾಗದಲ್ಲಿ ಸಟವಿಯಾಗಿ, ಶೆಟಗೆವ್ವನಾಗಿ ತೊಟ್ಟಿಲ ಬಳಿಗೆ ಬರುತ್ತಾಳೆ. ಕೆಲವು ಮನೆಗಳಲ್ಲಿ ಐದನೆಯ ರಾತ್ರಿಯೇ ಬರುತ್ತಾಳೆ. ಆ ರಾತ್ರಿ ಅವಳು ಹಣೆಯ ಬರಹ ಬರೆಯುತ್ತಾಳೆಂದು ನಂಬಿಕೆ. ದೀಪ ಆರಬಾರದು, ಮನೆಯವರು ಮಲಗಬಾರದು. ಇತರ ರಾತ್ರಿಗಳನ್ನು ಬಿಟ್ಟು ಈ ರಾತ್ರಿಗೇ ಇಷ್ಟು ಭಯ ಏಕೆ ಅಂಟಿಕೊಂಡಿತು ಎಂದು ನಾವು ಕೇಳಬೇಕು. ನವಜಾತ ಶಿಶುಗಳನ್ನು ಕೊಲ್ಲುತ್ತಿದ್ದ ರೋಗಗಳಲ್ಲಿ ಧನುರ್ವಾಯು ಅತಿ ಕ್ರೂರವಾದದ್ದು. ಶುದ್ಧವಿಲ್ಲದ ಕುಡುಗೋಲಿನಿಂದಲೋ ಬಿದಿರ ಸಿಬಿರಿನಿಂದಲೋ ಹೊಕ್ಕುಳ ಬಳ್ಳಿ ಕತ್ತರಿಸಿದಾಗ, ಗಾಯಕ್ಕೆ ಬೂದಿ ಸೆಗಣಿ ಮೆತ್ತಿದಾಗ ರೋಗಾಣು ಒಳಗೆ ಸೇರುತ್ತದೆ. ಮಗು ಮೊದಲ ಎರಡು ಮೂರು ದಿನ ಚೆನ್ನಾಗಿಯೇ ಹಾಲು ಕುಡಿಯುತ್ತದೆ. ನಾಲ್ಕನೆಯ ದಿನದಿಂದ ಹದಿನಾಲ್ಕನೆಯ ದಿನದೊಳಗೆ, ಬಹುಮಟ್ಟಿಗೆ ಮೊದಲ ವಾರದ ಕೊನೆಗೆ, ದವಡೆ ಕಚ್ಚಿಕೊಳ್ಳುತ್ತದೆ, ಮೈ ಬಿಲ್ಲಿನಂತೆ ಬಾಗುತ್ತದೆ. ಲೋಕದ ಹಲವು ಕಡೆ ಇದಕ್ಕೆ ಏಳನೆಯ ದಿನದ ರೋಗ, ಎಂಟನೆಯ ದಿನದ ರೋಗ ಎಂದೇ ಹೆಸರಿತ್ತು. ಆರನೆಯ ರಾತ್ರಿ ಹಣೆಬರಹ ಬರೆಯುವ ದೇವತೆಯ ಕಲ್ಪನೆಯ ಹಿಂದೆ ಈ ಅನುಭವವೂ ಇದ್ದಿರಬಹುದೆಂದು ಊಹಿಸಲು ಅವಕಾಶವುಂಟು. ತಾಯಂದಿರು ಅಪಾಯದ ಹೊತ್ತನ್ನು ಸರಿಯಾಗಿ ಗುರುತಿಸಿದ್ದರು. ಅದು ಬರುವ ಬಾಗಿಲು ಮಾತ್ರ ಅವರಿಗೆ ತಿಳಿದಿರಲಿಲ್ಲ. ತಲೆದೆಸೆಯಲ್ಲಿ ಕಾವಲಿಗಿಟ್ಟ ಕುಡುಗೋಲೇ ಆ ಬಾಗಿಲಾಗಿರುವ ಸಂಭವವಿತ್ತು ಎಂಬುದನ್ನು ನೆನೆದರೆ ಮನಸ್ಸು ಮುದುಡುತ್ತದೆ.

ಆ ಕಾಲದ ಭಯವನ್ನು ಅಳೆಯಲು ಒಂದೆರಡು ಅಂಕಿಗಳು ಸಾಕು. 1971ರ ಮಾದರಿ ನೋಂದಣಿ ವ್ಯವಸ್ಥೆಯ ಲೆಕ್ಕದಂತೆ ಕರ್ನಾಟಕದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 95 ಒಂದು ವರ್ಷ ತುಂಬುವ ಮೊದಲೇ ತೀರಿಹೋಗುತ್ತಿದ್ದವು; ಭಾರತದ ಒಟ್ಟು ಲೆಕ್ಕ 129. 2020ರ ಹೊತ್ತಿಗೆ ಈ ಸಂಖ್ಯೆಗಳು ಕರ್ನಾಟಕದಲ್ಲಿ 19ಕ್ಕೂ ದೇಶದಲ್ಲಿ 28ಕ್ಕೂ ಇಳಿದವು. ನಮ್ಮ ಅಜ್ಜಿಯರ ಕಾಲದಲ್ಲಿ ಪರಿಸ್ಥಿತಿ ಇನ್ನೂ ಘೋರವಾಗಿತ್ತು. ಎಂಟು ಹೆತ್ತು ನಾಲ್ಕನ್ನು ಉಳಿಸಿಕೊಂಡ ತಾಯಿಯನ್ನು ಜನ ಅದೃಷ್ಟವಂತೆ ಎನ್ನುತ್ತಿದ್ದರು. ಈ ಭಯದ ಮಗ್ಗುಲಲ್ಲಿಟ್ಟು ನೋಡದೆ ಅವರ ದಾರ ತಾಯಿತಗಳನ್ನು ಹಾಸ್ಯ ಮಾಡುವುದು ಸಹೃದಯರ ಲಕ್ಷಣವಲ್ಲ.

ಹೆಸರಿಡುವುದರಲ್ಲಿಯೂ ಈ ಭಯ ತನ್ನ ಗುರುತು ಬಿಟ್ಟಿದೆ. ಹಿಂದಿನ ಕೂಸುಗಳು ಉಳಿಯದಿದ್ದಾಗ ಹೊಸ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ‘ತಿಪ್ಪ’ ಎಂದು ಕರೆಯುವ ಪದ್ಧತಿಯಿತ್ತು. ಬೇಡವಾದ ವಸ್ತುವೆಂದು ತಿಳಿದರೆ ಮೃತ್ಯು ಮುಟ್ಟದೆ ಹೋದೀತೆಂಬ ಆಸೆ ಅದರಲ್ಲಿದೆ. ನೆರೆಯ ತೆಲುಗರಲ್ಲಿ ಪೆಂಟಯ್ಯ ಎಂಬ ಹೆಸರಿಗೂ ಇದೇ ಅರ್ಥ. ಜಗಳೂರಿನ ಕಡೆ ಮನೆಗೊಬ್ಬರಂತೆ ಕಾಣುವ ತಿಪ್ಪೇಸ್ವಾಮಿ, ತಿಪ್ಪಮ್ಮಗಳೆಲ್ಲ ಹೀಗೆ ಬಂದವೆಂದು ಭಾವಿಸಬಾರದು. ಅವುಗಳಲ್ಲಿ ಬಹುಪಾಲು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಭಕ್ತಿಯಿಂದ ಬಂದವು. ಆದರೆ ತುಚ್ಛವಾದ ಹೆಸರಿನ ಹಿಂದೆ ಅಡಗಿಸಿಟ್ಟು ಮಗುವನ್ನು ಕಾಯುವ ಯುಕ್ತಿ ಮಾತ್ರ ಈ ನಾಡಿನ ಹಲವು ಜಾತಿಗಳಿಗೆ ಗೊತ್ತಿತ್ತು. ತೊಟ್ಟಿಲ ಶಾಸ್ತ್ರದಲ್ಲಿ ಮಗುವಿಗಿಂತ ಮೊದಲು ಗುಂಡುಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ತೊಟ್ಟಿಲಲ್ಲಿ ಮಲಗಿಸಿ ತೂಗುವುದೂ ಇಂಥದೇ. ಕೂಸು ಕಲ್ಲಿನಂತೆ ಗಟ್ಟಿಯಾಗಲಿ ಎಂಬ ಹರಕೆಯನ್ನು ಅಲ್ಲಿ ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ.

ಮತಗಳ ಭೇದದಿಂದ ವಿಧಿಗಳು ಬದಲಾಗುತ್ತವೆ, ಆಶಯ ಬದಲಾಗುವುದಿಲ್ಲ. ವೀರಶೈವ ಲಿಂಗಾಯತ ಸಂಪ್ರದಾಯದಲ್ಲಿ ಮಗು ಇನ್ನೂ ಗರ್ಭದಲ್ಲಿರುವಾಗಲೇ, ಎಂಟನೆಯ ತಿಂಗಳಲ್ಲಿ, ಅದಕ್ಕಾಗಿ ತಾಯಿಯ ಮೈಮೇಲೆ ಲಿಂಗ ಧರಿಸುವ ಪದ್ಧತಿಯುಂಟು. ಹುಟ್ಟಿದ ಮೇಲೆ ಗುರುಗಳೋ ಜಂಗಮರೋ ಬಂದು ಕೂಸಿಗೆ ಲಿಂಗ ಕಟ್ಟಿ ವಿಭೂತಿ ಹಚ್ಚುತ್ತಾರೆ. ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ ಎಂಬ ಎಂಟಕ್ಕೆ ಅಷ್ಟಾವರಣವೆಂದು ಹೆಸರು. ಆವರಣವೆಂದರೆ ಸುತ್ತುಗೋಡೆ, ಕವಚ. ಮುಸಲ್ಮಾನರ ಮನೆಯಲ್ಲಿ ಹುಟ್ಟಿದ ಕೂಸಿನ ಕಿವಿಯಲ್ಲಿ ಮೊದಲು ಬೀಳಬೇಕಾದದ್ದು ಅಜಾನಿನ ಧ್ವನಿ. ಏಳನೆಯ ದಿನ ಅಖೀಕಾ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರಿಗೆ ಪವಿತ್ರ ಕ್ಷೇತ್ರ. 1739ರಲ್ಲಿ ಸಂತ ಸೇವಾಲಾಲರು ಹುಟ್ಟಿದ ಸ್ಥಳವೆಂದು ಫೆಬ್ರವರಿ ತಿಂಗಳಲ್ಲಿ ದೂರದೂರದ ತಾಂಡಾಗಳಿಂದ ಭಕ್ತರು ಮಾಲೆ ಧರಿಸಿ ಅಲ್ಲಿಗೆ ಬರುತ್ತಾರೆ. ಆ ಬಂಜಾರರಲ್ಲಿ ಹೋಳಿಯ ಸಮಯಕ್ಕೆ ‘ಧುಂಡ’ ಎಂಬ ಆಚರಣೆಯಿದೆ. ಆ ವರ್ಷ ಹುಟ್ಟಿದ ಗಂಡುಕೂಸಿನ ಸುತ್ತ ತಾಂಡಾದವರು ನೆರೆದು, ಕೋಲಿಗೆ ಕೋಲು ತಾಗಿಸಿ ಹಾಡುತ್ತ ಹರಸುತ್ತಾರೆ. ಇನ್ನು ಮೊಹರಂ ಬಂದರೆ, ಮಗುವಿಗೆ ಕಾಯಿಲೆ ಬಂದಾಗ ಹೊತ್ತ ಹರಕೆ ತೀರಿಸಲು ಹಿಂದೂ ತಾಯಂದಿರೂ ತಮ್ಮ ಮಕ್ಕಳಿಗೆ ಲಾಡಿ ಹಾಕಿಸಿ ಫಕೀರರನ್ನಾಗಿ ಮಾಡುವುದನ್ನು ಬಯಲುಸೀಮೆಯ ಹಳ್ಳಿಗಳಲ್ಲಿ ಕಾಣಬಹುದು. ಕೂಸು ನರಳುತ್ತಿರುವಾಗ ದೇವರ ಜಾತಿ ಕೇಳುವ ವ್ಯವಧಾನ ಯಾವ ತಾಯಿಗೂ ಇರುವುದಿಲ್ಲ.

ನಮ್ಮ ಪುರಾಣಗಳು ಈ ವಿಷಯದಲ್ಲಿ ಏನು ಹೇಳುತ್ತವೆ ಎಂಬುದನ್ನೂ ನೋಡಬೇಕು. ರಾಮ ಕಾಡಿಗೆ ಹೊರಟಾಗ ಕೌಸಲ್ಯೆ ಅವನಿಗೆ ಮಂತ್ರಪೂರ್ವಕವಾಗಿ ವಿಶಲ್ಯಕರಣಿಯ ರಕ್ಷೆ ಕಟ್ಟುವಳೆಂದು ವಾಲ್ಮೀಕಿ ಹೇಳುತ್ತಾನೆ. ಮದುವೆಯಾಗಿ ಬಿಲ್ಲು ಹಿಡಿದ ಮಗನೂ ತಾಯಿಗೆ ರಕ್ಷೆ ಕಟ್ಟಬೇಕಾದ ಕೂಸೇ. ಭಾಗವತದ ದಶಮಸ್ಕಂಧದ ಪೂತನಿಯ ಪ್ರಸಂಗವಂತೂ ಇಂದಿನ ನಮ್ಮ ವಿಷಯಕ್ಕೆ ಹೇಳಿ ಮಾಡಿಸಿದಂತಿದೆ. ಪೂತನಿ ಸುಮ್ಮನೆ ಕಥೆಯ ರಾಕ್ಷಸಿಯಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರ ಎಣಿಸುವ ಒಂಬತ್ತು ಬಾಲಗ್ರಹಗಳಲ್ಲಿ, ಅಂದರೆ ಶಿಶುರೋಗಗಳಲ್ಲಿ, ಅವಳ ಹೆಸರೂ ಇದೆ. ಅವಳು ಸತ್ತುಬಿದ್ದ ಮೇಲೆ ಗೋಪಿಯರು ಹಸುವಿನ ಬಾಲವನ್ನು ಕೂಸಿನ ಸುತ್ತ ಸುಳಿಸಿ, ಗೋಮೂತ್ರದಿಂದ ಮೀಯಿಸಿ, ಹನ್ನೆರಡು ಅಂಗಗಳಲ್ಲಿ ದೇವರ ಹೆಸರುಗಳನ್ನಿಟ್ಟು, ಪಾದವನ್ನು ಒಬ್ಬನು ಕಾಯಲಿ, ಮೊಣಕಾಲನ್ನು ಒಬ್ಬನು ಕಾಯಲಿ, ಹೊಟ್ಟೆಯನ್ನು ಒಬ್ಬನು ಕಾಯಲಿ ಎಂದು ಮುಟ್ಟಿ ಮುಟ್ಟಿ ಪ್ರಾರ್ಥಿಸುತ್ತಾರೆ. ಭಕ್ತಿಯ ಪರಿಭಾಷೆಯಲ್ಲಿ ಅದು ಅಂಗನ್ಯಾಸ. ಲೌಕಿಕರಾದ ನಮ್ಮ ಕಣ್ಣಿಗೆ ಅದು ಬಿದ್ದ ಮಗುವನ್ನು ಎತ್ತಿಕೊಂಡ ತಾಯಿ ಎಲ್ಲಿ ಪೆಟ್ಟಾಗಿದೆಯೋ ಎಂದು ಅಡಿಯಿಂದ ಮುಡಿಯವರೆಗೆ ಸವರಿ ನೋಡುವ ಚಿತ್ರವೂ ಹೌದು.

ಆದರೆ ಅದಕ್ಕೆ ಮೊದಲು ನಡೆದದ್ದನ್ನು ಹರಿಕಥೆಗಳಲ್ಲಿ ಸಾಮಾನ್ಯವಾಗಿ ಬೇಗ ದಾಟಿಬಿಡುತ್ತಾರೆ. ಪೂತನಿ ಒಳಗೆ ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲವೆಂದಲ್ಲ. ಯಶೋದೆಯೂ ರೋಹಿಣಿಯೂ ಅಲ್ಲಿಯೇ ಇದ್ದರು. ಸಿರಿವಂತ ಹೆಣ್ಣಿನ ವೇಷದಲ್ಲಿ ಬಂದವಳ ಕಾಂತಿಗೆ ಮರುಳಾಗಿ, ಅವಳು ಕೂಸನ್ನು ಎತ್ತಿಕೊಳ್ಳುವುದನ್ನು ತಡೆಯದೆ ನೋಡುತ್ತ ನಿಂತುಬಿಟ್ಟರೆಂದು ಭಾಗವತ ಹೇಳುತ್ತದೆ. ಆ ದಿನ ಕೊರತೆಯಾದದ್ದು ಮಂತ್ರವಲ್ಲ, ಎಚ್ಚರ. ತೊಟ್ಟಿಲ ಪಕ್ಕದಲ್ಲಿದ್ದ ಕಣ್ಣುಗಳು ಬೇರೊಂದು ಹೊಳಪಿಗೆ ಸೋತಿದ್ದವು. ಪುರಾಣದ ಕೂಸು ದೇವರಾದ್ದರಿಂದ ತನ್ನನ್ನು ತಾನೇ ಕಾಪಾಡಿಕೊಂಡಿತು. ನಮ್ಮ ಮನೆಗಳ ಕೂಸುಗಳಿಗೆ ಆ ಶಕ್ತಿಯಿಲ್ಲ. ಹೊಳೆಯುವ ಪೂತನಿಯರು ನಮ್ಮ ಕಾಲದಲ್ಲಿಯೂ ಇದ್ದಾರೆ. ಅಂಗೈಯಗಲದ ಗಾಜಿನಲ್ಲಿ ಕಣ್ಣು ನೆಟ್ಟು ಮಗ್ಗುಲಲ್ಲಿರುವ ಮಗುವನ್ನು ಮರೆತ ತಾಯ್ತಂದೆಯರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಒಂದು ಮುಖ. ಇನ್ನೊಂದು ಮುಖವನ್ನು ಮುಚ್ಚಿಟ್ಟು ಸಂಪ್ರದಾಯದ ಗುಣಗಾನವನ್ನಷ್ಟೇ ಮಾಡಿದರೆ ಮಕ್ಕಳಿಗೆ ಅನ್ಯಾಯ ಮಾಡಿದಂತಾಗುತ್ತದೆ. ರಕ್ಷೆಯ ಹೆಸರಿನಲ್ಲಿಯೇ ಮಕ್ಕಳ ಮೇಲೆ ಎರಗುವ ಕೇಡುಗಳಿವೆ.

ಚಿಕ್ಕದರಿಂದ ತೊಡಗೋಣ. ಅಳುವ ಮಗುವನ್ನು, ಉಣ್ಣದ ಮಗುವನ್ನು ಗುಮ್ಮನ ಹೆಸರು ಹೇಳಿ ಹೆದರಿಸುವುದು ನಮ್ಮಲ್ಲಿ ಸಾಮಾನ್ಯ. ಪುರಂದರದಾಸರ ಕೀರ್ತನೆಯೊಂದರಲ್ಲಿ ಬಾಲಕೃಷ್ಣನೇ ಗುಮ್ಮನಿಗೆ ಅಂಜಿ ತಾಯಿಯನ್ನು ಬೇಡಿಕೊಳ್ಳುತ್ತಾನೆ. ಚರಕ ಇದನ್ನು ಒಪ್ಪುವುದಿಲ್ಲ. ಮಗುವನ್ನು ಭಯಪಡಿಸುವುದು ಒಳಿತಲ್ಲ, ಅತ್ತಾಗಲಿ ಉಣ್ಣದಿದ್ದಾಗಲಿ ರಾಕ್ಷಸ, ಪಿಶಾಚ, ಪೂತನಾದಿಗಳ ಹೆಸರೆತ್ತಿ ಹೆದರಿಸಬಾರದು ಎಂದು ಅವನು ಸ್ಪಷ್ಟವಾಗಿ ನುಡಿದಿದ್ದಾನೆ. ಬಾಲಗ್ರಹಗಳನ್ನು ನಂಬುತ್ತಿದ್ದ ಕಾಲದ ವೈದ್ಯ, ಅವುಗಳ ಹೆಸರು ಮಗುವಿನ ಕಿವಿಗೆ ಬೀಳಕೂಡದೆಂದು ಕಟ್ಟುಮಾಡಿದ್ದು ಗಮನಿಸತಕ್ಕ ಸಂಗತಿ.

ಎರಡನೆಯದು ಬರೆ. ಹೊಟ್ಟೆಯುಬ್ಬರವಾಯಿತೆಂದು, ಬಾಲಗ್ರಹ ಹಿಡಿಯಿತೆಂದು ಎಳೆಯ ಮೈಗೆ ಕಾಯಿಸಿದ ಕಬ್ಬಿಣವನ್ನೋ ಸುಡುವ ಬಳೆಚೂರನ್ನೋ ಮುಟ್ಟಿಸುವ ಪದ್ಧತಿ ಇನ್ನೂ ಪೂರ್ತಿ ಅಳಿದಿಲ್ಲ. ಉಸಿರಾಟದ ರೋಗದಿಂದಲೋ ಸೋಂಕಿನಿಂದಲೋ ನರಳುತ್ತಿರುವ ಮಗುವಿಗೆ ಸುಟ್ಟಗಾಯವೊಂದನ್ನು ಸೇರಿಸಿ, ಆಸ್ಪತ್ರೆಗೆ ಹೋಗಬೇಕಾದ ಹೊತ್ತನ್ನು ಕಳೆದಂತಾಗುತ್ತದೆ.

ಮೂರನೆಯದು ಸೂತಕದ ಗುಡಿಸಲು. ಚಿತ್ರದುರ್ಗ, ತುಮಕೂರು ಸೀಮೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಬಾಣಂತಿಯನ್ನೂ ಹಸುಗೂಸನ್ನೂ ಹಟ್ಟಿಯ ಹೊರಗೆ ಇರಿಸುವ ಕಟ್ಟಳೆಯಿದೆ. ದೇವರಿಗೆ ಮೈಲಿಗೆಯಾದರೆ ಹಟ್ಟಿಗೂ ಕೂಸಿಗೂ ಕೇಡೆಂಬ ನಂಬಿಕೆ ಅದಕ್ಕೆ ಕಾರಣ. 2023ರ ಜುಲೈ ತಿಂಗಳಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಹೀಗೆ ಹೊರಗಿರಿಸಿದ್ದ ಕೂಸೊಂದು ಮಳೆಗಾಲದ ಚಳಿಯಲ್ಲಿ ಅಸುನೀಗಿತು. ಚರಕನ ಸೂತಿಕಾಗೃಹ ಪ್ರೀತಿಯ ಜನರಿಂದ ತುಂಬಿರಬೇಕಾಗಿತ್ತು. ಈ ಗುಡಿಸಲಿನಲ್ಲಿ ತಾಯಿ ಒಬ್ಬಳೇ. ಮುಟ್ಟಾದವರನ್ನೂ ಗರ್ಭಿಣಿಯರನ್ನೂ ಊರ ಹೊರಗಿಡುವಂಥ ಆಚರಣೆಗಳನ್ನು, ರೋಗ ವಾಸಿಮಾಡುವ ಹೆಸರಿನಲ್ಲಿ ಮಕ್ಕಳನ್ನು ಮುಳ್ಳಿನ ಮೇಲೆ ಎಸೆಯುವಂಥ ಕ್ರೌರ್ಯಗಳನ್ನು ನಿಷೇಧಿಸುವ ಕಾಯಿದೆಯನ್ನು ಕರ್ನಾಟಕ 2017ರಲ್ಲಿ ಅಂಗೀಕರಿಸಿತು. 2020ರ ಜನವರಿಯಲ್ಲಿ ಅದು ಜಾರಿಗೆ ಬಂದಿತು. ಆದರೆ ಕಾಯಿದೆ ಹಟ್ಟಿಯ ಬೇಲಿಯವರೆಗೆ ಬರಬಲ್ಲುದು. ಬೇಲಿ ದಾಟಿ ಗುಡಿಸಲಿಗೆ ಹೋಗಿ ಮಗುವನ್ನು ಒಳಗೆ ಕರೆತರಬೇಕಾದವರು ಅಜ್ಜ ಅಜ್ಜಿಯರೇ.

ನಾಲ್ಕನೆಯದು ಎಲ್ಲಕ್ಕಿಂತ ದಾರುಣವಾದದ್ದು. ಜಗಳೂರಿನ ನೆರೆಯ ಹರಪನಹಳ್ಳಿ ತಾಲ್ಲೂಕಿನಲ್ಲಿ ಉಚ್ಚಂಗಿದುರ್ಗವಿದೆ. ಭರತ ಹುಣ್ಣಿಮೆಯಂದು ಅಲ್ಲಿ ಉಚ್ಚಂಗೆಮ್ಮನ ಜಾತ್ರೆ. ಮನೆಯಲ್ಲಿ ರೋಗರುಜಿನ ಬಂದಾಗ, ಹೆಣ್ಣುಮಗುವಿನ ಕೂದಲು ಜಡೆಗಟ್ಟಿದಾಗ, ಅವಳನ್ನು ದೇವಿಗೆ ಬಿಡುತ್ತೇವೆಂದು ಹರಕೆ ಹೊತ್ತು, ಮುತ್ತು ಕಟ್ಟಿಸಿ ದೇವದಾಸಿಯಾಗಿಸುವ ಪದ್ಧತಿ ಆ ಜಾತ್ರೆಗೆ ಬಹುಕಾಲ ಅಂಟಿಕೊಂಡಿತ್ತು. 1982ರ ಕಾಯಿದೆ ಅದನ್ನು ಅಪರಾಧವೆಂದು ಸಾರಿತು. ಭರತ ಹುಣ್ಣಿಮೆ ಎಂದರೆ ಮಾಘದ ಹುಣ್ಣಿಮೆಯೇ. ತರಳಬಾಳು ಹುಣ್ಣಿಮೆಯೂ ಅದೇ. ಒಂದೇ ಬೆಳದಿಂಗಳಿನಲ್ಲಿ ಒಂದು ಕಡೆ ‘ಮಗುವೇ, ಬಾಳು’ ಎಂಬ ಹರಕೆ. ಇನ್ನೊಂದು ಕಡೆ ಮಗುವಿನ ಬಾಳನ್ನೇ ಬೆಲೆಯಾಗಿ ತೆರುವ ಹರಕೆ. ಎರಡಕ್ಕೂ ಕನ್ನಡದಲ್ಲಿ ಇರುವುದು ಒಂದೇ ಪದ.

ಈ ಎರಡನ್ನು ಬೇರೆ ಮಾಡುವ ಗೆರೆ ಯಾವುದು? ಶಾಸ್ತ್ರವೆ, ವಿಜ್ಞಾನವೆ, ಹಳತು ಹೊಸತುಗಳ ಭೇದವೆ? ಇವು ಯಾವುವೂ ಪೂರ್ಣವಾಗಿ ಸಾಲವು. ನನಗೆ ತೋರುವ ಗೆರೆ ಇದು: ಹರಕೆಯ ಹೊರೆಯನ್ನು ಹೊರುವವರು ಯಾರು? ಹಿರಿಯರು ಹೊತ್ತರೆ ಅದು ರಕ್ಷೆ. ಮಗುವಿನ ಮೈಮೇಲೆ, ಮನಸ್ಸಿನ ಮೇಲೆ, ಮುಂದಿನ ಬದುಕಿನ ಮೇಲೆ ಹೇರಿದರೆ ಅದು ರಕ್ಷೆಯ ವೇಷ ತೊಟ್ಟ ಪೂತನಿ.

ಈ ಗೆರೆಯಿಂದ ಅಳೆದು ನೋಡಿ. ತಾಯಿ ಎಂ‌ಟನೆಯ ತಿಂಗಳಲ್ಲಿ ಕೂಸಿಗಾಗಿ ತನ್ನ ಮೈಮೇಲೆ ಲಿಂಗ ಧರಿಸುತ್ತಾಳೆ, ಹೊರೆ ತಾಯಿಯದು. ಆರನೆಯ ರಾತ್ರಿ ಎಚ್ಚರವಿರುವವರು ಹಿರಿಯರು, ನಿದ್ದೆ ಮಗುವಿನದು. ಜವಳದ ಹರಕೆಗೆ ಮನೆದೇವರು ಚನ್ನಗಿರಿಯ ಕೋಟೆಯ ಮೇಲಿನ ಬೆಟ್ಟದ ರಂಗನಾಥನಾಗಿರಲಿ, ಜಗಳೂರು ಸೀಮೆಯ ಕೊಡದಗುಡ್ಡದ ವೀರಭದ್ರನಾಗಿರಲಿ, ಗುಡ್ಡ ಹತ್ತುವವರು ತಂದೆತಾಯಿ. ಮಗು ಕೊಡುವುದು ಮತ್ತೆ ಬೆಳೆಯುವ ನಾಲ್ಕು ಕೂದಲನ್ನು. ನಿವಾಳಿಸುವ ಅಜ್ಜಿ ಮಗುವನ್ನು ಮಡಿಲಿಗೆ ಹಾಕಿಕೊಂಡು, ಮೈ ಮುಟ್ಟಿ, ಜ್ವರವಿದೆಯೋ ಎಂದು ನೋಡುತ್ತಾಳೆ. ಇವುಗಳಿಂದ ಕೂಸಿಗೆ ಕೇಡಿಲ್ಲ, ಅಜ್ಜಿಯ ಕೈಯ ಬಿಸುಪಿನ ಲಾಭವಿದೆ. ಒಂದೇ ಒಂದು ಎಚ್ಚರಿಕೆ ಬೇಕು: ನಿವಾಳಿಸಿದ ಮೇಲೆಯೂ ಅಳು ನಿಲ್ಲದಿದ್ದರೆ, ಹಾಲು ಬಿಟ್ಟರೆ, ಉಸಿರು ಸೇದಿದರೆ, ಮುಂದಿನ ಹೆಜ್ಜೆ ವೈದ್ಯರ ಬಾಗಿಲಿಗೆ ಇಡಬೇಕು. ಕಾಡಿಗೆಯ ಬೊಟ್ಟು ಕೆನ್ನೆಗೋ ಅಂಗಾಲಿಗೋ ಇರಲಿ. ಸೀಸದ ಅಂಶವಿರಬಹುದಾದ ಅಂಗಡಿಯ ಕಾಡಿಗೆಯನ್ನು ಕಣ್ಣಿಗೆ ತೀಡುವುದು ಬೇಡ. ಬಜೆಯ ಮಣಿಯ ದಾರ ಸಡಿಲವಾಗಿ ಮಣಿ ಬಾಯಿಗೆ ಸೇರದಂತೆ ನೋಡಿಕೊಳ್ಳಲಿ.

ವೈದ್ಯರ ವಿಧಿಗಳನ್ನೂ ಈ ಗೆರೆಯ ಒಳಗೆ ಧಾರಾಳವಾಗಿ ಸೇರಿಸಿಕೊಳ್ಳಬಹುದು. ಗರ್ಭಿಣಿಗೆ ಕೊಡುವ ಧನುರ್ವಾಯುವಿನ ಚುಚ್ಚುಮದ್ದಿನಿಂದ ತಾಯಿಯ ರಕ್ತದಲ್ಲಿ ಹುಟ್ಟುವ ನಿರೋಧಕ ಶಕ್ತಿ ಗರ್ಭದಲ್ಲಿರುವ ಮಗುವಿಗೂ ಹರಿದು, ಹುಟ್ಟಿದ ಮೊದಲ ವಾರಗಳಲ್ಲಿ ಅದನ್ನು ಕಾಯುತ್ತದೆ. ಕೂಸಿಗಾಗಿ ತಾಯಿ ತನ್ನ ಮೈಮೇಲೆ ಧರಿಸುವ ಕವಚವೆಂಬ ಗರ್ಭಲಿಂಗದ ಭಾವಕ್ಕೆ ಇದು ಎಷ್ಟು ಸಮೀಪ! ಶುದ್ಧವಾದ ಹೆರಿಗೆ ಮತ್ತು ಈ ಚುಚ್ಚುಮದ್ದಿನ ಫಲವಾಗಿ 2015ರಲ್ಲಿ ಭಾರತ ಬಾಣಂತಿಯರ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ದೇಶವೆಂದು ಘೋಷಿತವಾಯಿತು. ಆರನೆಯ ರಾತ್ರಿಯ ದೀಪ ಯಾವ ವೈರಿಗಾಗಿ ಉರಿಯುತ್ತಿತ್ತೋ ಆ ವೈರಿ ಹಿಮ್ಮೆಟ್ಟಿದ್ದಾನೆ. ಬೇವಿನ ಸೊಪ್ಪು ಹಾಸಿ ಮಲಗಿಸಿ, ಅಮ್ಮ ಬಂದಿದ್ದಾಳೆಂದು ಭಯಭಕ್ತಿಯಿಂದ ಕಾಯುತ್ತಿದ್ದ ಸಿಡುಬು 1975ರ ಮೇ ತಿಂಗಳ ಬಳಿಕ ಭಾರತದಲ್ಲಿ ಮರಳಿ ಕಾಣಿಸಿಕೊಳ್ಳಲಿಲ್ಲ. ನೈಸರ್ಗಿಕ (ವೈಲ್ಡ್) ಪೋಲಿಯೋ ವೈರಾಣುವಿನ ಕೊನೆಯ ಪ್ರಕರಣ 2011ರ ಜನವರಿಯದು. ಲಸಿಕೆಯ ದಿನ ಮಗುವನ್ನು ಕಂಕುಳಲ್ಲಿ ಹೊತ್ತು ಅಂಗನವಾಡಿಯ ಮುಂದೆ ಸಾಲಿನಲ್ಲಿ ನಿಂತ ತಾಯಿಯೂ ಒಂದು ವ್ರತವನ್ನೇ ನಡೆಸುತ್ತಿದ್ದಾಳೆ. ಚುಚ್ಚಿದ ಕ್ಷಣದ ನೋವು ಮಗುವಿನದಲ್ಲವೆ ಎಂದು ಯಾರಾದರೂ ಕೇಳಬಹುದು. ಹೌದು, ಆದರೆ ಆ ನೋವಿಗೆ ಪ್ರತಿಯಾಗಿ ದೊರೆಯುವುದು ಆ ಮಗುವಿನದೇ ಬಾಳು. ಬರೆಯಿಂದಾಗಲಿ ಮುತ್ತಿನಿಂದಾಗಲಿ ಮಗುವಿಗೆ ದೊರೆಯುವುದೇನೂ ಇಲ್ಲ.

ಹಾಗಾದರೆ ಇಂದು ಹರಕೆ ಹೊರಬೇಕೆನ್ನುವ ತಂದೆ ಏನು ಮಾಡಬೇಕು? ನಮ್ಮ ಸಂಪ್ರದಾಯದಲ್ಲಿಯೇ ಇದಕ್ಕೆ ದಾರಿಗಳಿವೆ. ಮಾಲೆ ಧರಿಸಿದಷ್ಟು ದಿನ ಕುಡಿತ ತೊರೆದು, ಮಾತಿನಲ್ಲಿ ನಡತೆಯಲ್ಲಿ ನಿಯಮದಿಂದಿರುವುದು ಸೂರಗೊಂಡನಕೊಪ್ಪಕ್ಕೆ ಬರುವ ಮಾಲಾಧಾರಿಗಳಿಗೆ ತಿಳಿದ ವ್ರತ. ಆ ನಿಯಮವನ್ನು ಮಗುವಿನ ಹೆಸರಿನಲ್ಲಿ ವರ್ಷಪೂರ್ತಿ ನಡೆಸಿದರೆ, ಆ ಮನೆಯ ಮಗುವಿಗೆ ಅದಕ್ಕಿಂತ ದೊಡ್ಡ ತಾಯಿತ ಬೇಕಾಗಿಲ್ಲ. ರಾತ್ರಿ ಬಾಗಿಲ ಸದ್ದಿಗೆ ಮಗು ಬೆಚ್ಚದಂಥ ಮನೆ ಅದಕ್ಕೆ ನಿಜವಾದ ಆವರಣ. ವಿಭೂತಿ ಹಚ್ಚುವ ತಾಯಿ ಆ ನಿಮಿಷ ಮಗುವಿನ ಮುಖವನ್ನು ನಿಜವಾಗಿ ನೋಡಲಿ. ಅದರ ಕಣ್ಣಿನಲ್ಲಿ ನಿನ್ನೆಯಿಲ್ಲದ ಅಂಜಿಕೆಯೊಂದು ಇಂದು ಬಂದಿದ್ದರೆ ಅವಳಿಗೆ ಗೋಚರವಾಗುತ್ತದೆ. ದಿನಕ್ಕೊಮ್ಮೆ ಹೀಗೆ ಮುಖ ನೋಡುವ ಅಭ್ಯಾಸವನ್ನು ಒಂದು ಚಿಟಿಕೆ ಬೂದಿಯ ನೆಪದಲ್ಲಿ ನಮ್ಮ ಹಿರಿಯರು ಕಲಿಸಿಟ್ಟಿದ್ದಾರೆ. ದೇವರನ್ನು ನಂಬದವರೂ ಆ ಅಭ್ಯಾಸವನ್ನು ಉಳಿಸಿಕೊಳ್ಳಬಹುದು.

ನಮ್ಮಂಥ ವಯಸ್ಸಾದವರಿಗೂ ಇದರಲ್ಲಿ ಪಾಲಿದೆ. ಎಳೆಯ ದಂಪತಿಗಳು ಯಾವ ಶಾಸ್ತ್ರ ಮಾಡಬೇಕು, ಯಾವುದನ್ನು ಬಿಡಬೇಕು ಎಂದು ಕಡೆಯಲ್ಲಿ ನೋಡುವುದು ಮನೆಯ ಹಿರಿಯರ ಮುಖವನ್ನೇ. ಬರೆ ಬೇಡವೆಂದು ಅಜ್ಜಿ ಹೇಳಿದರೆ ಅದು ನಿಂತೀತು. ಬಾಣಂತಿ ಒಳಗೇ ಇರಲಿ ಎಂದು ಹಟ್ಟಿಯ ಯಜಮಾನ ಹೇಳಿದರೆ ಗುಡಿಸಲು ಬರಿದಾದೀತು. ಹುಡುಗಿಯ ಜಡೆ ಬಿಡಿಸಿ, ತಲೆಗೆ ಎಣ್ಣೆ ಹಚ್ಚಿ ಶಾಲೆಗೆ ಕಳುಹಿಸಿ ಎಂದು ಹಿರಿಯಳೊಬ್ಬಳು ಗದರಿದರೆ ಒಂದು ಜೀವ ಉಳಿದೀತು. ಹರಸುವ ಅಧಿಕಾರ ಪಡೆದವರಿಗೆ ಈ ಮಾತುಗಳನ್ನು ಹೇಳುವ ಹೊಣೆಯೂ ಇದೆ.

ಮಾಘದ ಹುಣ್ಣಿಮೆ ಮತ್ತೆ ಬರುತ್ತದೆ. ಅಂದು ನಮ್ಮ ನಮ್ಮ ಮನೆಯ ಮಕ್ಕಳ ತಲೆಯ ಮೇಲೆ ಕೈಯಿಟ್ಟು ‘ತರಳ, ಬಾಳು’ ಎನ್ನೋಣ. ಆ ಕೈ ಎತ್ತಿದ ಮೇಲೆ ಮಾಡಬೇಕಾದ ಕೆಲಸವೂ ನಮ್ಮದೇ ಎಂಬುದನ್ನು ನೆನಪಿಡೋಣ.